ಹೊಸಬರನ್ನು ಕಂಡರೆ ಕುರಿ ದೂರ ಸರಿಯೋದು ಸಹಜ

ನೀವು ಬಕೆಟ್ ಹಿಡಿದು ಹೋದರೆ ಓಡಿ ಬರುವ ಕುರಿಗಳು, ನೆಂಟರು ಬಂದರೆ ಮೂಲೆ ಸೇರುತ್ತವೆ, ಏನೋ ತಪ್ಪಾಗಿದೆಯಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ಕುರಿ ಮುಖಗಳನ್ನು ಚೆನ್ನಾಗಿ ನೆನಪಿಡುತ್ತದೆ. 2017ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ಬರೀ ಫೋಟೋ ತೋರಿಸಿದಾಗಲೂ ಕುರಿಗಳು ತಮ್ಮನ್ನು ನೋಡಿಕೊಳ್ಳುವವರನ್ನು ಗುರುತಿಸಿದ್ದವು. ಹಾಗಾಗಿ ಅವು ನಿಮ್ಮ ಮೇಲಿಟ್ಟ ನಂಬಿಕೆ ನಿಮಗೆ ಮಾತ್ರ. ಬೇರೆಯವರು ಅದನ್ನು ಮೊದಲಿಂದ ಗಳಿಸಬೇಕು.

ಬಂದವರಿಗೆ ಹೇಳಿ: ನೇರವಾಗಿ ನಡೆದು ಹೋಗಬೇಡಿ, ದಿಟ್ಟಿಸಿ ನೋಡಬೇಡಿ, ಸುಮ್ನೆ ಕೆಳಗೆ ಕೂತುಬಿಡಿ. ಕೈಯಲ್ಲಿ ಸ್ವಲ್ಪ ಮೇವು ಇರಲಿ. ಅಟ್ಟಿಸಿಕೊಂಡು ಹೋದರೆ ಎಲ್ಲ ಕೆಟ್ಟಿತು. ಹಿಂಡಿನಲ್ಲಿ ಧೈರ್ಯದ್ದು ಒಂದು ಇದ್ದೇ ಇರುತ್ತೆ, ಅದು ಮೊದಲು ಮೂಸಲು ಬರುತ್ತದೆ. ಉಳಿದವು ಅದನ್ನೇ ನೋಡುತ್ತಿರುತ್ತವೆ. ಹತ್ತಿರ ಬಂದಾಗ ತಲೆ ಮುಟ್ಟುವುದು ಬೇಡ, ಗದ್ದದ ಕೆಳಗೆ ಅಥವಾ ಎದೆ ಹತ್ತಿರ ತುರಿಸಿದರೆ ಅವಕ್ಕೆ ಇಷ್ಟ. ಕೆಲವು ಯಾವತ್ತೂ ಕೈಗೆ ಸಿಗಲ್ಲ, ಅದು ಅವುಗಳ ಸ್ವಭಾವ, ಬಿಟ್ಟುಬಿಡಿ.

ನನಗೆ ಜಾಸ್ತಿ ಚಿಂತೆ ಅಂಜುವ ಕುರಿಯದ್ದಲ್ಲ, ಬಾಟಲಿ ಹಾಲು ಕುಡಿದು ಬೆಳೆದ ಟಗರಿನದ್ದು. ಅದಕ್ಕೆ ಮನುಷ್ಯರ ಭಯವೇ ಇರಲ್ಲ, ದೊಡ್ಡದಾದ ಮೇಲೆ ಹಾಯುತ್ತದೆ. ಮರಿ ಇದ್ದಾಗ ಹಣೆ ತಳ್ಳಿ ಆಡಬೇಡಿ. ನೆಂಟರ ಮಕ್ಕಳನ್ನು ಅದರ ಜೊತೆ ಒಳಗೆ ಬಿಡಲೇಬೇಡಿ.