ಓದುಗರ ಪ್ರಶ್ನೆ: ‘ವಿಠ್ಠಲ’ ಎಂಬ ಹೆಸರಿನ ಮೂಲ

ಪ್ರಶ್ನೆ: ನಮ್ಮದು ವಿಜಯಪುರದ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ನೆಲೆಸಿದ ಮನೆತನ. ಮೊಮ್ಮಗನಿಗೆ ನನ್ನ ತಂದೆಯವರ ಹೆಸರಾದ ‘ವಿಠ್ಠಲ’ವನ್ನೇ ಇಡಬೇಕೆಂದಿದ್ದೇವೆ. ಇದು ಮರಾಠಿ ಹೆಸರೆಂದು ನೆರೆಯವರು ಹೇಳುತ್ತಾರೆ. ‘ಇಟ್ಟಿಗೆಯ ಮೇಲೆ ನಿಂತವನು’ ಎಂಬುದೇ ಅರ್ಥವೆಂದು ಮನೆಯ ಹಿರಿಯರ ಮಾತು. ಯಾವುದು ಸರಿ? ‘ವಿಠಲ’ ಎಂದು ಬರೆಯಬಹುದೇ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮರಾಠಿಯಲ್ಲಿ ‘ವೀಟ’ ಎಂದರೆ ಇಟ್ಟಿಗೆ. ತಂದೆತಾಯಿಗಳ ಸೇವೆಯಲ್ಲಿದ್ದ ಪುಂಡಲೀಕನು ಎಸೆದ ಇಟ್ಟಿಗೆಯ ಮೇಲೆ ದೇವರು ಕಾದು ನಿಂತ ಕಥೆಯಿಂದ ನಿಮ್ಮ ಹಿರಿಯರು ಹೇಳುವ ಅರ್ಥ ಬಂದಿದೆ. ಪಂಢರಪುರದ ಮೂರ್ತಿಯ ನಿಲುವನ್ನು ಆ ಕಥೆ ಸೊಗಸಾಗಿ ವಿವರಿಸುತ್ತದೆ. ಹೆಸರಿನ ಹುಟ್ಟನ್ನು ಅಷ್ಟು ಸಮರ್ಥವಾಗಿ ವಿವರಿಸುವುದಿಲ್ಲ. ಜ್ಞಾನವಿಲ್ಲದವರನ್ನೂ ಸ್ವೀಕರಿಸುವವನು ಎಂಬ ಸಂಸ್ಕೃತ ನಿರ್ವಚನವೂ ಉಂಟು. ಅದೂ ಭಕ್ತಿಯಿಂದ ಮೂಡಿದ ವ್ಯಾಖ್ಯಾನವೇ.

ಪುಣೆಯಲ್ಲಿ ಬಾಳಿದ ಮಹಾವಿದ್ವಾಂಸ ರಾ. ಗೋ. ಭಾಂಡಾರಕರರು ಸೂಚಿಸಿದ ದಾರಿ ನನಗೆ ಹೆಚ್ಚು ಒಪ್ಪಿಗೆಯಾಗಿದೆ. ಅವರ ಪ್ರಕಾರ ‘ವಿಷ್ಣು’ ಎಂಬುದೇ ಕನ್ನಡಿಗರ ಬಾಯಲ್ಲಿ ‘ವಿಠ್ಠು’, ‘ಬಿಟ್ಟಿ’ ಎಂದಾಗಿ, ಅಕ್ಕರೆಯ ಪ್ರತ್ಯಯ ಸೇರಿ ‘ವಿಠ್ಠಲ’ವಾಯಿತು. ಕೃಷ್ಣನನ್ನು ‘ಕಿಟ್ಟ’, ‘ಕಿಟ್ಟಿ’ ಎಂದು ಇಂದಿಗೂ ಕರೆಯುವ ನಮಗೆ ಈ ಮಾರ್ಪಾಡು ಹೊಸದೇನಲ್ಲ. ಬೇಲೂರಿನ ಚೆನ್ನಕೇಶವ ದೇಗುಲವನ್ನು 1117ರಲ್ಲಿ ಪ್ರತಿಷ್ಠಾಪಿಸಿದ ಹೊಯ್ಸಳ ದೊರೆಗೆ ಬಿಟ್ಟಿದೇವ, ವಿಷ್ಣುವರ್ಧನ ಎಂಬ ಎರಡು ಹೆಸರುಗಳಿದ್ದುದನ್ನು ನೆನೆಯಿರಿ. ಮತಾಂತರದಿಂದ ಹೆಸರೇ ಬದಲಾಯಿತೆಂಬ ಜನಪ್ರಿಯ ಕಥೆಯ ನಡುವೆ, ಎರಡರಲ್ಲೂ ಇರುವುದು ಒಬ್ಬನೇ ದೇವರ ಹೆಸರೆಂಬುದು ಮರೆತುಹೋಗುತ್ತದೆ.

ಹಾಗೆಂದು ಇದು ನಮ್ಮದಷ್ಟೇ ಹೆಸರೆಂದು ನೆರೆಯವರೊಡನೆ ವಾದಿಸುವ ಅಗತ್ಯವಿಲ್ಲ. ಈ ದೇವರು ಎರಡೂ ನಾಡಿಗೆ ಸೇರಿದವನು. ಮಹಾರಾಷ್ಟ್ರದ ಪಂಢರಪುರದಲ್ಲಿಯೇ ಕನ್ನಡದ ದೊರೆ ಹೊಯ್ಸಳ ಸೋಮೇಶ್ವರನ ಕಾಲದ, 1237ರ ಶಾಸನ ದೊರೆತಿದೆ. ‘ಕಾನಡಾ ಹೋ ವಿಠ್ಠಲು ಕರ್ನಾಟಕು’ ಎಂದು ಹಾಡಿದವರು ಮರಾಠಿಯ ಸಂತ ಜ್ಞಾನೇಶ್ವರರೇ. ವಿಠೂ, ವಿಠೋಬಾ ಎಂದು ಪಂಢರಪುರ ಯಾತ್ರೆಯ ಭಕ್ತರಾದ ವಾರಕರಿಗಳು ಕರೆಯುವ ಈ ದೇವರನ್ನೇ ನಮ್ಮ ದಾಸರು ಪುರಂದರ ವಿಠಲ, ವಿಜಯ ವಿಠಲ, ಜಗನ್ನಾಥ ವಿಠಲ ಎಂಬ ಅಂಕಿತಗಳಲ್ಲಿ ನೆಲೆಗೊಳಿಸಿದರು.

ಆ ಅಂಕಿತಗಳೇ ತೋರಿಸುವಂತೆ ‘ವಿಠಲ’ ಎಂದು ಬರೆಯುವುದು ತಪ್ಪಲ್ಲ. ಆದರೆ ಮಹಾರಾಷ್ಟ್ರದಲ್ಲಿ ಒತ್ತಕ್ಷರವಿರುವ ರೂಪವೇ ರೂಢಿಯಲ್ಲಿರುವುದರಿಂದ ಜನನ ಪ್ರಮಾಣಪತ್ರದಲ್ಲಿ ‘ವಿಠ್ಠಲ’ ಎಂದೇ ಬರೆಸಿ, ಮುಂದೆ ಶಾಲೆಯ ದಾಖಲೆಯಲ್ಲಿಯೂ ಅದನ್ನೇ ಉಳಿಸಿಕೊಳ್ಳಿ.