ಹೆಸರು ಬದಲಾದ ಹಡಗು

ಪ್ರಶ್ನೆ: ಏಜೆಂಟ್ ಒಬ್ಬರು ನನ್ನ ಮಗನಿಗೆ ಎಣ್ಣೆ ಹಡಗಿನಲ್ಲಿ ಕೆಲಸ ಕೊಡಿಸುತ್ತಾರಂತೆ. ಅದು ನಿರ್ಬಂಧ ಇರುವ ಇರಾನ್ ಹಡಗೇ ಅಂತ ತಿಳಿಯುವುದು ಹೇಗೆ?
– ಒಬ್ಬ ತಾಯಿ, ಉಡುಪಿ

ಉತ್ತರ: ಹೆಸರು, ಬಾವುಟ ಎರಡನ್ನೂ ನಂಬಬೇಡಿ ಅಮ್ಮಾ. 2008ರಲ್ಲಿ ಇರಾನಿನ ದೊಡ್ಡ ಹಡಗು ಕಂಪನಿಯ ಮೇಲೆ ಅಮೆರಿಕ ನಿರ್ಬಂಧ ಹೇರಿತು. ಆಮೇಲೆ ಅದರ ಎಷ್ಟೋ ಹಡಗುಗಳ ಹೆಸರು, ಬಾವುಟ, ಕಾಗದದ ಮೇಲಿನ ಮಾಲೀಕರು ಬದಲಾದರು. 2019ರ ಜುಲೈನಲ್ಲಿ ಸ್ಪೇನ್ ಪಕ್ಕದ ಬ್ರಿಟಿಷ್ ಪ್ರದೇಶ ಜಿಬ್ರಾಲ್ಟರ್‌ನಲ್ಲಿ ‘ಗ್ರೇಸ್ 1’ ಹಡಗನ್ನು ತಡೆದರಲ್ಲ, ಒಳಗೆ ಸುಮಾರು 21 ಲಕ್ಷ ಬ್ಯಾರೆಲ್ ಇರಾನ್ ಎಣ್ಣೆ ಇತ್ತು. ಆಗಸ್ಟ್‌ನಲ್ಲಿ ಹೊರಡುವಾಗ ಅದೇ ಹಡಗಿನ ಮೈಮೇಲೆ ‘ಆಡ್ರಿಯನ್ ದರ್ಯಾ 1’ ಅಂತ ಹೊಸ ಬಿಳಿ ಅಕ್ಷರಗಳು! ನಡುವೆ ಬಂಧನಕ್ಕೊಳಗಾದವರು ಮಾಲೀಕರಲ್ಲ. ಕ್ಯಾಪ್ಟನ್ ಸೇರಿ ನಾಲ್ವರು ಭಾರತೀಯರು. ಆಮೇಲೆ ಬಿಟ್ಟರು, ನಿಜ. ಆದರೆ ಆ ಮನೆಗಳಲ್ಲಿ ಎಷ್ಟು ರಾತ್ರಿ ನಿದ್ದೆ ಇರಲಿಲ್ಲವೋ!

ಬದಲಾಗದ್ದು ಏಳು ಅಂಕಿಯ ಐಎಂಒ ನಂಬರ್, ಅಂದರೆ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಪದ್ಧತಿಯಂತೆ ಹಡಗಿಗೆ ಸಿಗುವ ಗುರುತಿನ ಸಂಖ್ಯೆ. ಗುಜರಿಗೆ ಹೋಗುವವರೆಗೂ ಅದೇ. ನಾನು ಇಪ್ಪತ್ತು ವರ್ಷ ಇಂಜಿನ್ ರೂಮಿನಲ್ಲಿ ದುಡಿದವನು. ಹೊಸ ಹಡಗು ಸೇರಿದಾಗೆಲ್ಲ ಕಬ್ಬಿಣದ ಮೇಲೆ ಉಬ್ಬಿದ ಆ ಅಂಕಿಗಳನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದೆ. ಆ ನಂಬರ್ ಬರೆಸಿಕೊಂಡು ಹಡಗಿನ ಹಳೇ ಹೆಸರುಗಳನ್ನು ಹುಡುಕಿಸಿ. ಏಜೆಂಟ್‌ಗೆ ಡಿಜಿ ಶಿಪ್ಪಿಂಗ್ (ಕೇಂದ್ರ ಸರ್ಕಾರದ ಹಡಗು ಇಲಾಖೆ) ಲೈಸೆನ್ಸ್ ಇದೆಯಾ ನೋಡಿ. ನಂಬರ್ ಕೇಳಿದಾಗ ಅವರು ಸುಮ್ನೆ ‘ಆಮೇಲೆ ಹೇಳ್ತೀನಿ’ ಅಂದರೆ ಮಗನನ್ನು ಕಳಿಸಬೇಡಿ.