ಏಳನೇ ಕ್ಲಾಸ್ ತನಕ ಚೆನ್ನಾಗಿದ್ದ ಮಗು ಹೈಸ್ಕೂಲಿಗೆ ಹೋದ್ಮೇಲೆ ಯಾಕೆ ಮಂಕಾಗತ್ತೆ, ನಾವೇನು ಮಾಡ್ಬೋದು?

ಪಾಠ ಕಷ್ಟ ಆಗಿದ್ದಕ್ಕಿಂತ, ತನ್ನನ್ನ ಪೂರ್ತಿ ಗೊತ್ತಿರೋ ಟೀಚರ್ ಇಲ್ಲ ಅನ್ನೋದೇ ಹೆಚ್ಚಾಗಿ ಮಕ್ಕಳನ್ನ ಕುಗ್ಸೋದು. ಅದಕ್ಕೆ ಮೊದಲ ಎರಡು ತಿಂಗಳು ಮಾರ್ಕ್ಸ್ ವಿಷಯ ಬಿಟ್ಟುಬಿಡಿ, ದಿನಚರಿ ಗಟ್ಟಿ ಮಾಡಿ.

ಕೊಡಗಿನ ಸಣ್ಣ ಊರ ಶಾಲೆಗಳಲ್ಲಿ ಸಾಮಾನ್ಯವಾಗಿ ಒಬ್ರೋ ಇಬ್ರೋ ಟೀಚರೇ ಎಲ್ಲಾ ಸಬ್ಜೆಕ್ಟೂ ನೋಡ್ಕೋತಾರೆ, ಮಗು ಹೋಂವರ್ಕ್ ಯಾಕೆ ಮಾಡಿಲ್ಲ ಅನ್ನೋದೂ ಅವ್ರಿಗೆ ಗೊತ್ತಿರತ್ತೆ. 8ನೇ ಕ್ಲಾಸಲ್ಲಿ ಪೀರಿಯಡ್ಡಿಗೊಬ್ರು ಬರ್ತಾರೆ, ಗಣಿತದವರಿಗೆ ಸಮಾಜದವರು ಏನು ಕೊಟ್ಟಿದಾರೆ ಗೊತ್ತಿರಲ್ಲ, ಅಂದ್ರೆ ಅಲ್ಲೀತನಕ ಟೀಚರ್ ತಲೇಲಿದ್ದ ಲೆಕ್ಕವೆಲ್ಲ ಈಗ 13 ವರ್ಷದ ಮಗು ತಲೆಗೆ ಬಂತು, ಅದೂ ಜೂನ್ ಮಳೇಲಿ, ಹೊಸ ಬಸ್ಸು, ಒದ್ದೆ ಬ್ಯಾಗು, ಸಂಜೆ ಮನೆ ಸೇರೋ ಹೊತ್ತಿಗೆ ಕತ್ಲೆ.

ಮೇ ತಿಂಗಳಲ್ಲೇ ಒಂದ್ಸಲ ಮಡಿಕೇರಿಗೋ ವಿರಾಜಪೇಟೆಗೋ, ಎಲ್ಲಿ ಸೇರಿಸ್ತೀರೋ ಅಲ್ಲಿಗೆ ಅದೇ ಬಸ್ಸಲ್ಲಿ ಕರ್ಕೊಂಡ್ಹೋಗಿ. ಶಾಲೆ ಗೇಟು, ಟಾಯ್ಲೆಟ್ಟು, ಬಸ್ ತಪ್ಪಿದ್ರೆ ಎಲ್ಲಿ ನಿಲ್ಬೇಕು, ಎಲ್ಲಾ ತೋರ್ಸಿ. ಹೆಣ್ಮಕ್ಕಳಿಗಂತೂ ಟಾಯ್ಲೆಟ್ ಎಲ್ಲಿದೆ ಅಂತ ಗೊತ್ತಿರೋದು ಬಹಳ ಮುಖ್ಯ, ಇದನ್ನ ಯಾರೂ ಹೇಳಲ್ಲ. ರಾತ್ರಿ ಟೈಂಟೇಬಲ್ ನೋಡಿ ಬ್ಯಾಗ್ ಅವರೇ ತುಂಬ್ಲಿ, ನೀವು ಪಕ್ಕದಲ್ಲಿ ಕೂತಿದ್ರೆ ಸಾಕು. ಕ್ಲಾಸ್ ಟೀಚರನ್ನ ಮೊದಲ ವಾರದಲ್ಲೇ ಹೋಗಿ ಮಾತಾಡ್ಸಿ ಬನ್ನಿ.

ಕನ್ನಡ ಮೀಡಿಯಮ್ಮಿಂದ ಇಂಗ್ಲಿಷಿಗೆ ಹೋಗ್ತಿದ್ರೆ ಇನ್ನೊಂದು ಪೆಟ್ಟು ಇದೆ. ದ್ಯುತಿಸಂಶ್ಲೇಷಣೆ ಚೆನ್ನಾಗಿ ಗೊತ್ತಿದ್ದ ಮಗು ಫೋಟೋಸಿಂಥೆಸಿಸ್ ಅಂದ ತಕ್ಷಣ ತನಗೇನೂ ಬರಲ್ಲ ಅಂದ್ಕೊಂಡ್ಬಿಡತ್ತೆ. ಒಂದು ನೋಟ್‌ಬುಕ್ಕಲ್ಲಿ ಎರಡೂ ಹೆಸ್ರು ಅಕ್ಕಪಕ್ಕ ಬರೆಸ್ತಾ ಹೋಗಿ, ದಿನಕ್ಕೆ ಐದು ಪದ ಆದ್ರೂ ಸಾಕು.